ಗೃಹಪಾಠವೂ ಶಾಲೆಯ ಹೊಣೆಯೂ

ಸಂಜೆ ಕೊನೆಯ ಗಂಟೆ ಬಾರಿಸಿದೊಡನೆ ತರಗತಿಗಳಿಗೆ ಬೀಗ ಬೀಳುತ್ತದೆ. ಆದರೆ ಶಾಲೆಯ ಕಾರ್ಯ ಅಲ್ಲಿಗೆ ಮುಗಿಯುವುದಿಲ್ಲ. ಉಪಾಧ್ಯಾಯರು ಕರಿಹಲಗೆಯ ಮೇಲೆ ಕೊನೆಯಲ್ಲಿ ಬರೆದ ಒಂದೆರಡು ಸಾಲುಗಳು ವಿದ್ಯಾರ್ಥಿಯ ಚೀಲವನ್ನು ಸೇರಿ ಅವನ ಮನೆಯನ್ನು ಹೊಗುತ್ತವೆ. ಇದಕ್ಕೆ ಗೃಹಪಾಠವೆಂದು ಹೆಸರು. ಪಠ್ಯಪುಸ್ತಕ, ಪರೀಕ್ಷೆ, ಫಲಿತಾಂಶ ಇವುಗಳನ್ನು ಕುರಿತು ನಮ್ಮಲ್ಲಿ ನಡೆಯುವಷ್ಟು ವಿಚಾರವಿನಿಮಯ ಗೃಹಪಾಠವನ್ನು ಕುರಿತು ನಡೆಯುವುದಿಲ್ಲ. ಕೊಡುವುದು ವಾಡಿಕೆ, ಆದುದರಿಂದ ಕೊಡುತ್ತೇವೆ. ಮಾಡಿ ತರುವುದು ಕರ್ತವ್ಯ, ಆದುದರಿಂದ ತರಬೇಕೆನ್ನುತ್ತೇವೆ. ಎಷ್ಟು ಕೊಡಬೇಕು, ಎಂಥದನ್ನು ಕೊಡಬೇಕು, ಅದನ್ನು ಮಾಡಲು ಬೇಕಾದ ಅನುಕೂಲ ಆ ಮನೆಯಲ್ಲಿ ಉಂಟೇ ಎಂದು ಕೇಳಿಕೊಳ್ಳುವವರು ವಿರಳ. ಉಪಾಧ್ಯಾಯ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಸಂಚಿಕೆಯಲ್ಲಿ ಆ ಪ್ರಶ್ನೆಗಳನ್ನು ಎತ್ತಿಕೊಳ್ಳುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಮೂರು ಮಾತುಗಳು

ಮೊದಲು ಪದವಿಚಾರ. ಕನ್ನಡದಲ್ಲಿ ಒಂದಕ್ಕೊಂದು ಹತ್ತಿರವಾದ ಮೂರು ಮಾತುಗಳಿವೆ: ಗೃಹಪಾಠ, ಮನೆಪಾಠ, ಮನೆಗೆಲಸ. ಶಾಲೆಯಲ್ಲಿ ಕಲಿತುದನ್ನು ವಿದ್ಯಾರ್ಥಿಯು ಮನೆಯಲ್ಲಿ ತಾನೇ ಅಭ್ಯಾಸ ಮಾಡುವುದು ಗೃಹಪಾಠ. ಹಣ ತೆತ್ತು ಇನ್ನೊಬ್ಬರಿಂದ ಪ್ರತ್ಯೇಕವಾಗಿ ಹೇಳಿಸಿಕೊಳ್ಳುವುದು ಮನೆಪಾಠ. ಕಸ, ಮುಸುರೆ, ನೀರು, ದನಕರುಗಳ ಆರೈಕೆ ಇವು ಮನೆಗೆಲಸ. ಅರ್ಥದಲ್ಲಿ ಇವು ಬೇರೆಬೇರೆಯಾದರೂ ಮಗುವಿನ ಸಂಜೆಯಲ್ಲಿ ಮೂರೂ ಒಂದನ್ನೊಂದು ತಳ್ಳಾಡುತ್ತವೆ. ಮನೆಪಾಠಕ್ಕೆ ಹಣವುಳ್ಳವರ ಮಗನು ಗೃಹಪಾಠವನ್ನು ಅಲ್ಲಿಯೇ ಮುಗಿಸಿ ಬರುತ್ತಾನೆ. ಮನೆಗೆಲಸದ ಹೊರೆ ಹೊತ್ತ ಮಗಳು ಪಾತ್ರೆಗಳನ್ನು ತೊಳೆದಿಟ್ಟು, ತಮ್ಮನನ್ನು ಮಲಗಿಸಿ, ಪುಸ್ತಕ ತೆರೆಯುವ ಹೊತ್ತಿಗೆ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಮಾರನೆಯ ದಿನ ಇಬ್ಬರ ಪುಸ್ತಕಗಳೂ ಒಂದೇ ಮೇಜಿನ ಮೇಲೆ ಬರುತ್ತವೆ. ನಾವು ಇವನನ್ನು ಶ್ರದ್ಧಾವಂತನೆನ್ನುತ್ತೇವೆ, ಅವಳನ್ನು ಸೋಮಾರಿಯೆನ್ನುತ್ತೇವೆ. ಅಳೆದುದು ಮಗುವನ್ನಲ್ಲ, ಮನೆಯನ್ನು ಎಂಬುದು ನಮ್ಮ ಅರಿವಿಗೆ ಬರುವುದಿಲ್ಲ.

ನಿಲಯದ ಮಗು, ಮನೆಯ ಮಗು

ಪ್ರಾಚೀನರಿಗೆ ಈ ತೊಡಕು ಇರಲಿಲ್ಲ. ಗುರುಕುಲದಲ್ಲಿ ಗುರುವಿನ ಮನೆಯೇ ಶಾಲೆ. ಪಾಠವೂ ಅಭ್ಯಾಸವೂ ಒಂದೇ ಸೂರಿನ ಕೆಳಗೆ. ಹಳ್ಳಿಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನೂ ಕಾಲು, ಅರೆ, ಮುಕ್ಕಾಲುಗಳ ಲೆಕ್ಕವನ್ನೂ ಒಟ್ಟಾಗಿ ಬಾಯಿಪಾಠ ಹೇಳುತ್ತಿದ್ದರು. ಅಲ್ಲಿ ಅಭ್ಯಾಸವೆಂಬುದು ಬಹುಮಟ್ಟಿಗೆ ಅಯ್ಯನವರ ಕಣ್ಣೆದುರಿಗೇ ನಡೆಯುತ್ತಿದ್ದ ಕಾರ್ಯ.

ಈ ಪದ್ಧತಿಯ ಸಾರವನ್ನು ಇಂದಿಗೂ ಉಳಿಸಿಕೊಂಡಿರುವ ಸ್ಥಳವೊಂದಿದೆ; ಅದು ಮಠಗಳ ಆಶ್ರಯದ ಉಚಿತ ಪ್ರಸಾದ ನಿಲಯ. ಸಿರಿಗೆರೆಯ ಶ್ರೀ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯೇ ಮೊದಲಾದವು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆದುದರ ಜೊತೆಗೆ ನಿಲಯಗಳನ್ನೂ ನಡೆಸಿಕೊಂಡು ಬಂದಿರುವುದು ಸರ್ವವಿದಿತ. ನಿಲಯದ ವಿದ್ಯಾರ್ಥಿಗೆ ಊಟ, ವಸತಿ ದೊರೆಯುತ್ತವೆಂಬುದನ್ನು ಎಲ್ಲರೂ ಬಲ್ಲರು. ಅವನಿಗೆ ದೊರೆಯುವ ಇನ್ನೂ ನಾಲ್ಕು ಅನುಕೂಲಗಳನ್ನು ಗಮನಿಸುವವರು ಕಡಿಮೆ: ಓದಲೊಂದು ದೀಪ, ಕೂರಲೊಂದು ಸ್ಥಳ, ನಿಯತವಾದ ಒಂದು ವೇಳೆ, ಸಂದೇಹ ಬಂದಾಗ ಕೇಳಲು ಒಬ್ಬರು. ಈ ನಾಲ್ಕು ಕೂಡಿದಲ್ಲಿ ಗೃಹಪಾಠವು ತಾನಾಗಿಯೇ ನಡೆಯುತ್ತದೆ.

ಶಿಷ್ಯನು ವಿದ್ಯೆಯ ಒಂದು ಪಾಲನ್ನು ಗುರುವಿನಿಂದಲೂ, ಒಂದು ಪಾಲನ್ನು ತನ್ನ ಬುದ್ಧಿಯಿಂದಲೂ, ಒಂದು ಪಾಲನ್ನು ಸಹಪಾಠಿಗಳಿಂದಲೂ, ಉಳಿದ ಪಾಲನ್ನು ಕಾಲಕ್ರಮದಿಂದಲೂ ಪಡೆಯುತ್ತಾನೆಂಬುದು ಸಂಸ್ಕೃತ ಸುಭಾಷಿತವೊಂದರ ಅಭಿಪ್ರಾಯ. ನಿಲಯದಲ್ಲಿ ನಾಲ್ಕು ಪಾಲುಗಳಿಗೂ ಎಡೆಯುಂಟು. ಮನೆಯಿಂದ ಬಂದುಹೋಗುವ ಮಗುವಿಗೆ ಶಾಲೆಯು ಮೊದಲನೆಯ ಪಾಲನ್ನು ಮಾತ್ರ ಕೊಟ್ಟು, ಉಳಿದ ಮೂರನ್ನು ನೀನೇ ಸಂಪಾದಿಸಿಕೋ ಎಂದು ಕಳುಹಿಸಿಬಿಡುತ್ತದೆ. ಆದುದರಿಂದ ಗೃಹಪಾಠದ ಪ್ರಶ್ನೆಯನ್ನು ಹೀಗೆ ಇಡಬಹುದು: ನಿಲಯದ ಮಗುವಿಗೆ ಸಹಜವಾಗಿ ಒದಗುವುದನ್ನು ಮನೆಯ ಮಗುವಿಗೆ ನಾವು ಎಷ್ಟರಮಟ್ಟಿಗೆ ಒದಗಿಸಬಲ್ಲೆವು?

ನಮ್ಮ ನಾಲ್ಕು ತಾಲ್ಲೂಕುಗಳು

ಚನ್ನಗಿರಿ, ಹೊನ್ನಾಳಿಗಳು ಹಿಂದೆ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯವಾದಾಗ ಒಂದೇ ಜಿಲ್ಲೆಯೊಳಗೆ ಬಂದವು. ನ್ಯಾಮತಿಯು ಅನಂತರ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲ ಒಂದಲ್ಲ, ಆದುದರಿಂದ ಮಕ್ಕಳ ಸಂಜೆಯೂ ಒಂದಲ್ಲ.

ಚನ್ನಗಿರಿಯ ತೋಟದ ಹಳ್ಳಿಗಳಲ್ಲಿ ಅಡಿಕೆಯ ಕೊಯ್ಲು ಬಂದಿತೆಂದರೆ ಮನೆಮಂದಿಗೆಲ್ಲ ಬಿಡುವಿಲ್ಲ. ಸುಲಿಯುವ ಯಂತ್ರಗಳು ಬಂದಿದ್ದರೂ ಸುಲಿತ, ಬೇಯಿಸುವಿಕೆ, ಒಣಗಿಸುವಿಕೆಗಳ ಗಡಿಬಿಡಿ ರಾತ್ರಿಯವರೆಗೂ ನಡೆಯುತ್ತದೆ. ಹೊನ್ನಾಳಿಯ ಭದ್ರಾ ನಾಲೆಯ ಬಯಲಿನಲ್ಲಿ ನಾಟಿಯ ಕಾಲ ಬಂದರೆ ತಾಯಿ ಬೆಳಗಿನಲ್ಲಿಯೇ ಗದ್ದೆಗೆ ಇಳಿಯುತ್ತಾಳೆ. ಒಲೆಯ ಹೊಣೆ ಮಗಳ ಪಾಲಿಗೆ ಬರುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವನ್ನು ಒಳಗೊಂಡ ನ್ಯಾಮತಿಯ ಕಡೆ ಲಂಬಾಣಿ ತಾಂಡಾಗಳು ಹಲವು. ಅಲ್ಲಿಯ ಮಗುವಿಗೆ ಮನೆಯ ಮಾತು ಲಂಬಾಣಿ, ಶಾಲೆಯ ಮಾತು ಕನ್ನಡ. ಗೃಹಪಾಠದ ಪ್ರಶ್ನೆ ಅರ್ಥವಾಗದಿದ್ದರೆ ಮನೆಯಲ್ಲಿ ಕೇಳುವುದಾದರೂ ಯಾರನ್ನು? ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ದುಡಿಮೆಯನ್ನರಸಿ ಹೊರಗೆ ಹೋಗುವುದುಂಟು. ಮಗು ಅಜ್ಜಿಯ ಬಳಿ ಉಳಿಯುತ್ತದೆ.

ಇವೆಲ್ಲ ಗೃಹಪಾಠವನ್ನು ಕೈಬಿಡಲು ಹೇಳುವ ನೆಪಗಳಲ್ಲ. ವೈದ್ಯನು ಮದ್ದು ಕೊಡುವ ಮುನ್ನ ದೇಹಪ್ರಕೃತಿಯನ್ನು ವಿಚಾರಿಸುವಂತೆ ಉಪಾಧ್ಯಾಯನು ಮನೆಯ ಪ್ರಕೃತಿಯನ್ನು ವಿಚಾರಿಸಬೇಕೆಂಬುದಷ್ಟೇ ತಾತ್ಪರ್ಯ. ಜೂನ್ ತಿಂಗಳಲ್ಲಿ ಪ್ರತಿಯೊಬ್ಬ ತರಗತಿ ಶಿಕ್ಷಕನೂ ತನ್ನ ಮಕ್ಕಳಿಂದ ನಾಲ್ಕೇ ಸಂಗತಿಗಳನ್ನು ತಿಳಿದು ಬರೆದಿಟ್ಟುಕೊಂಡರೆ ಸಾಕು: ಮನೆ ಎಷ್ಟು ದೂರ, ಸಂಜೆ ಮಾಡುವ ಕೆಲಸವೇನು, ಮನೆಯ ಮಾತು ಯಾವುದು, ಓದಬಲ್ಲವರು ಯಾರಿದ್ದಾರೆ. ಹಾಜರಿ ಪುಸ್ತಕದಷ್ಟೇ ಉಪಯುಕ್ತವಾದ ಪುಸ್ತಕ ಇದು.

ಎಷ್ಟು ಕೊಡಬೇಕು?

ಈ ವಿಷಯದಲ್ಲಿ ದೇಶದ ಮಟ್ಟದಲ್ಲಿಯೂ ಚಿಂತನೆ ನಡೆದಿದೆ. ಪ್ರೊಫೆಸರ್ ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿಯು 1993ರಲ್ಲಿ ಹೊರೆಯಿಲ್ಲದ ಕಲಿಕೆಯನ್ನು ಕುರಿತು ಕೊಟ್ಟ ವರದಿಯಲ್ಲಿ, ಪ್ರಾಥಮಿಕ ತರಗತಿಗಳಲ್ಲಿ ಮನೆಯ ಸುತ್ತಮುತ್ತಲಿನ ಪರಿಶೀಲನೆಯ ಹೊರತು ಗೃಹಪಾಠ ಬೇಡವೆಂದೂ, ಮೇಲಿನ ತರಗತಿಗಳಲ್ಲಿ ಅವಶ್ಯವಿದ್ದರೆ ಪಠ್ಯಪುಸ್ತಕದ ನಕಲಾಗದಂತಹ ಗೃಹಪಾಠವಿರಲೆಂದೂ ಸೂಚಿಸಿತು. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಚೀಲದ ನೀತಿಯು ಕಾಲಮಿತಿಯನ್ನು ಹೇಳಿತು: ಎರಡನೆಯ ತರಗತಿಯವರೆಗೆ ಗೃಹಪಾಠವಿಲ್ಲ, 3ರಿಂದ 5ನೆಯ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, 9ರಿಂದ 12ಕ್ಕೆ ದಿನಕ್ಕೆ 2 ಗಂಟೆ.

ನಮ್ಮ ಪ್ರೌಢಶಾಲೆಯೆಂದರೆ 8, 9, 10ನೆಯ ತರಗತಿಗಳು. ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜವಿಜ್ಞಾನ ಹೀಗೆ ಆರು ವಿಷಯಗಳು. ಒಬ್ಬೊಬ್ಬ ಉಪಾಧ್ಯಾಯನೂ ತಾನು ಕೊಡುವುದು ಅರ್ಧ ಗಂಟೆಯ ಕೆಲಸ ಮಾತ್ರವೆಂದು ಭಾವಿಸಿದರೂ ಆರು ಅರ್ಧಗಳು ಕೂಡಿ 3 ಗಂಟೆಗಳಾಗುತ್ತವೆ. ಎಂಟನೆಯ ತರಗತಿಯ ಮಗುವಿಗೆ ಇದು ಹೇಳಿದ ಮಿತಿಯ ಮೂರರಷ್ಟು. ತಪ್ಪು ಯಾರೊಬ್ಬರದೂ ಅಲ್ಲ; ಒಬ್ಬರು ಕೊಟ್ಟುದು ಇನ್ನೊಬ್ಬರಿಗೆ ತಿಳಿಯದಿರುವುದೇ ಕಾರಣ. ಇದಕ್ಕೆ ಪರಿಹಾರ ಸುಲಭ. ಪಾಠದ ವೇಳಾಪಟ್ಟಿಯಂತೆಯೇ ಗೃಹಪಾಠಕ್ಕೂ ಒಂದು ವೇಳಾಪಟ್ಟಿ ಇರಲಿ: ಎಂಟನೆಯ ತರಗತಿಗೆ ದಿನಕ್ಕೆ ಎರಡೇ ವಿಷಯ, ಹತ್ತನೆಯ ತರಗತಿಗೆ ಮೂರು. ತರಗತಿಯ ಗೋಡೆಯ ಮೇಲೆ ಒಂದು ಸಣ್ಣ ಹಲಗೆಯಿಟ್ಟು, ಕೊಟ್ಟ ಕೆಲಸವನ್ನೂ ಅದಕ್ಕೆ ಬೇಕಾಗುವ ಕಾಲವನ್ನೂ ಅದರಲ್ಲಿ ಬರೆಯಲಿ. ಮುಂದೆ ಬರುವ ಉಪಾಧ್ಯಾಯನು ಅದನ್ನು ನೋಡಿ ತನ್ನ ಕೈಯನ್ನು ಹಿಡಿಯುತ್ತಾನೆ. ಅಡಿಕೆಯ ಕೊಯ್ಲು, ನಾಟಿ, ಊರಹಬ್ಬದ ವಾರಗಳಲ್ಲಿ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಬಿಡುವಿನ ವಾರಗಳಲ್ಲಿ ಸರಿದೂಗಿಸಿಕೊಳ್ಳಬಹುದು.

ಎಂಥದನ್ನು ಕೊಡಬೇಕು?

ಕೊಡುವ ಮುನ್ನ ಉಪಾಧ್ಯಾಯನು ಮೂರು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಬೇಕು. ಇದಕ್ಕೆ ಬೇಕಾದುದನ್ನು ತರಗತಿಯಲ್ಲಿ ಕಲಿಸಿಯಾಗಿದೆಯೇ? ಅತ್ಯಂತ ಬಡ ಮನೆಯಲ್ಲಿರುವ ವಸ್ತುಗಳಿಂದಲೇ ಇದನ್ನು ಮಾಡಬಹುದೇ? ನಾಳೆ ನಾನು ಇದನ್ನು ನೋಡಬಲ್ಲೆನೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಕೊಡಲಿ. ಇಲ್ಲವಾದರೆ ಕೊಡದಿರುವುದೇ ಲೇಸು.

ಕನ್ನಡ ಪಾಠದಿಂದಲೇ ಒಂದು ಉದಾಹರಣೆ. ಭಾಮಿನಿ ಷಟ್ಪದಿಯ ಲಕ್ಷಣವನ್ನು ಕಲಿಸಿದ ದಿನ, ಅದರ ಲಕ್ಷಣ ಬರೆದು ತನ್ನಿರೆಂದರೆ ಮಕ್ಕಳು ಪುಸ್ತಕವನ್ನು ನೋಡಿ ಇಳಿಸಿ ತರುತ್ತಾರೆ. ಕೈ ದಣಿಯುತ್ತದೆ, ಬುದ್ಧಿ ನಿದ್ರಿಸುತ್ತದೆ. ಅದರ ಬದಲು ಪದ್ಯದ ಮೊದಲ ಎರಡು ಪಾದಗಳಿಗೆ ತರಗತಿಯಲ್ಲಿ ಪ್ರಸ್ತಾರ ಹಾಕಿ ತೋರಿಸಿ, ಮೂರನೆಯ ಪಾದವೊಂದನ್ನು ಮನೆಗೆ ಕೊಡಬಹುದು. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಪಾದಗಳಿಗೆ 23 ಮಾತ್ರೆ. ಪದ್ಯಕ್ಕೆ ಒಟ್ಟು 102. ಮಗು ಲಘು ಗುರುಗಳನ್ನು ಗುರುತಿಸಿ ಕೂಡಿದಾಗ 23 ಬಂದರೆ ಬಹುಮಟ್ಟಿಗೆ ಸರಿ, 22 ಬಂದರೆ ಎಲ್ಲೋ ಒತ್ತಕ್ಷರದ ಹಿಂದಿನ ಅಕ್ಷರವನ್ನು ಮರೆತಿದೆಯೆಂದು ತಾನೇ ಹುಡುಕುತ್ತದೆ. ತಿದ್ದುವವರಾರೂ ಮನೆಯಲ್ಲಿಲ್ಲದಾಗ ಲೆಕ್ಕವೇ ತಿದ್ದುತ್ತದೆ. ಹತ್ತು ನಿಮಿಷಗಳ ಕೆಲಸ. ಆದರೆ ಛಂದಸ್ಸು ಕಿವಿಯೊಳಗೆ ಇಳಿಯುತ್ತದೆ.

ಎರಡನೆಯ ಬಗೆ, ಮನೆಯವರ ಅರಿವನ್ನೇ ಪಾಠವಾಗಿಸುವುದು. ಚನ್ನಗಿರಿಯ ಮಗು ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ಬಗೆಗಳ ವ್ಯತ್ಯಾಸವನ್ನು ತಂದೆಯಿಂದ ಕೇಳಿ ಐದು ವಾಕ್ಯ ಬರೆಯಲಿ. ಸೂಳೆಕೆರೆಯ ಶಾಂತವ್ವೆಯ ಐತಿಹ್ಯವನ್ನು ಅಜ್ಜಿ ಹೇಳಿದಂತೆ ಬರೆದು ತರಲಿ. ಜಗಳೂರಿನ ಮಗು ಭರಣಿಯಿಂದ ಮೊದಲ್ಗೊಂಡು ಮಳೆನಕ್ಷತ್ರಗಳ ಹೆಸರುಗಳನ್ನೂ ‘ಭರಣಿ ಮಳೆ ಧರಣಿ ಬೆಳೆ’ ಎಂಬಂಥ ಗಾದೆಗಳನ್ನೂ ಹಿರಿಯರಿಂದ ಸಂಗ್ರಹಿಸಲಿ. ತಾಂಡಾದ ಮಗು ಮನೆಯ ಹತ್ತು ವಸ್ತುಗಳ ಲಂಬಾಣಿ ಹೆಸರುಗಳನ್ನೂ ಅವುಗಳ ಕನ್ನಡ ಹೆಸರುಗಳನ್ನೂ ಎರಡು ಸಾಲಾಗಿ ಬರೆಯಲಿ. ಅಕ್ಷರ ಬಾರದ ತಂದೆತಾಯಿ ಇಲ್ಲಿ ಮಗುವಿಗೆ ಗುರುಗಳಾಗುತ್ತಾರೆ. ಶಾಲೆಯ ಮೇಲೆ ಅವರಿಗೂ ಮಮತೆ ಬೆಳೆಯುತ್ತದೆ.

ಇದಕ್ಕೆ ತದ್ವಿರುದ್ಧವಾದುದು ರೂಪಣಾತ್ಮಕ ಮೌಲ್ಯಮಾಪನದ ಹೆಸರಿನಲ್ಲಿ ಕೆಲವೆಡೆ ತರಿಸುವ ಯೋಜನಾಕಾರ್ಯ. ಬಣ್ಣದ ಹಾಳೆ, ಅಂಗಡಿಯಲ್ಲಿ ಅಚ್ಚುಮಾಡಿಸಿದ ಚಿತ್ರ, ಮಿಂಚುವ ಹೊದಿಕೆ ಇವುಗಳಿಗೆ ಹಣ ವ್ಯಯವಾಗುತ್ತದೆ. ಒಳಗಿನ ಬರಹ ಯಾರದೋ. ಇಂದು ಮೊಬೈಲಿಗೆ ಪ್ರಶ್ನೆಯಿತ್ತರೆ ಉತ್ತರವೂ ಪ್ರಬಂಧವೂ ಕ್ಷಣದಲ್ಲಿ ಸಿದ್ಧವಾಗಿ ಬರುತ್ತವೆ. ಹಿಂದಿನ ಗೈಡುಗಳು ಮಾಡುತ್ತಿದ್ದ ಕೆಲಸವನ್ನೇ ಅದು ಇನ್ನೂ ಬೇಗನೆ ಮಾಡುತ್ತದೆ. ಎಲ್ಲರಿಗೂ ಒಂದೇ ಉತ್ತರವಿರುವ ಪ್ರಶ್ನೆಯನ್ನು ಹೀಗೆ ತರಿಸಬಹುದು; ನಿಮ್ಮ ಅಜ್ಜಿ ಏನು ಹೇಳಿದರು ಎಂಬ ಪ್ರಶ್ನೆಗೆ ಮಾತ್ರ ಮಗುವೇ ಅಜ್ಜಿಯ ಬಳಿ ಕೂರಬೇಕಾಗುತ್ತದೆ.

ನೋಡುವುದು, ತಿದ್ದುವುದು

ನೋಡದ ಗೃಹಪಾಠವು ಕೊಡದ ಗೃಹಪಾಠಕ್ಕಿಂತ ಕೆಟ್ಟದು. ರಾತ್ರಿ ನಿದ್ರೆಗೆಟ್ಟು ಬರೆದುದನ್ನು ಯಾರೂ ತೆರೆದು ನೋಡಲಿಲ್ಲವೆಂದಾದರೆ, ಶ್ರಮಕ್ಕೆ ಬೆಲೆಯಿಲ್ಲವೆಂಬ ಪಾಠವನ್ನು ಮಗು ಕಲಿಯುತ್ತದೆ. ಆದರೆ ಉಪಾಧ್ಯಾಯನ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತರಗತಿಯಲ್ಲಿ 50 ಮಕ್ಕಳು, ಪುಸ್ತಕವೊಂದಕ್ಕೆ 3 ನಿಮಿಷವೆಂದರೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ಮೂರು ತರಗತಿಗಳಿಗೆ ಏಳೂವರೆ ಗಂಟೆ. ದಿನವೂ ಇದು ಮನುಷ್ಯಸಾಧ್ಯವಲ್ಲ. ಆದುದರಿಂದಲೇ ಕೆಂಪು ಮಸಿಯ ಒಂದು ಗೆರೆ, ಕೆಳಗೊಂದು ಸಹಿ ಎಂಬ ಪದ್ಧತಿ ಹುಟ್ಟಿಕೊಂಡಿತು.

ಇದಕ್ಕಿಂತ ಉತ್ತಮ ಮಾರ್ಗವುಂಟು. ದಿನಕ್ಕೆ ಹತ್ತೇ ಪುಸ್ತಕಗಳನ್ನು ಅಕ್ಷರ ಅಕ್ಷರವಾಗಿ ನೋಡಿದರೆ ಅರ್ಧ ಗಂಟೆ ಸಾಕು. ಐದು ದಿನಗಳಲ್ಲಿ ಐವತ್ತು ಮಕ್ಕಳ ಸರದಿಯೂ ಮುಗಿಯುತ್ತದೆ. ಉಳಿದವರು ಕರಿಹಲಗೆಯ ಮೇಲಿನ ಸರಿಯುತ್ತರವನ್ನು ನೋಡಿ ಪಕ್ಕದವರೊಡನೆ ಪುಸ್ತಕ ಬದಲಿಸಿಕೊಂಡು ತಿದ್ದಲಿ. ಯಾರ ಸರದಿ ಯಾವ ದಿನವೆಂಬುದು ಮೊದಲೇ ತಿಳಿಯದಿದ್ದರೆ ಎಲ್ಲರೂ ಸಿದ್ಧರಾಗಿರುತ್ತಾರೆ. ತಿದ್ದುವಾಗ ತಪ್ಪಿನ ಕೆಳಗೆ ಗೆರೆಯೆಳೆದು ಬಿಡುವುದಕ್ಕಿಂತ, ‘ಈ ವಾಕ್ಯದಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆಯಿಲ್ಲ, ಮತ್ತೆ ನೋಡು’ ಎಂದು ಒಂದು ಮಾತು ಬರೆದರೆ ಅದು ಮಗುವಿನೊಡನೆ ಆಡಿದ ಮಾತಾಗುತ್ತದೆ.

ತಾರದ ಮಗುವನ್ನು ಏನು ಮಾಡಬೇಕು? ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ; ಹೊರಗೆ ನಿಲ್ಲಿಸಿದ ಮಗು ಆ ದಿನದ ಪಾಠವನ್ನೂ ಕಳೆದುಕೊಳ್ಳುತ್ತದೆಂಬ ಸರಳ ವಿಚಾರವೇ ಸಾಕು. ನಿನ್ನೆಯದು ಆಗಲಿಲ್ಲ, ಇಂದಿನದು ತಿಳಿಯಲಿಲ್ಲ, ನಾಳೆಯದು ಹೇಗಾದೀತು? ಹೀಗೆ ಮೂರು ದಿನ ನಡೆದರೆ ನಾಲ್ಕನೆಯ ದಿನ ಮಗು ಶಾಲೆಗೇ ಬರುವುದಿಲ್ಲ. ಶಾಲೆ ಬಿಡುವ ಮಕ್ಕಳಲ್ಲಿ ಕೆಲವರ ದಾರಿ ಮಾಡದ ಗೃಹಪಾಠದ ಭಯದಿಂದಲೇ ಆರಂಭವಾಗುತ್ತದೆ ಎಂಬುದನ್ನು ದೀರ್ಘಕಾಲ ಪಾಠ ಹೇಳಿದವರೆಲ್ಲ ಬಲ್ಲರು. ಆದುದರಿಂದ ‘ಏಕೆ ತರಲಿಲ್ಲ?’ ಎಂಬುದನ್ನು ಗದರಿಕೆಯಾಗಿ ಕೇಳದೆ ನಿಜವಾದ ಪ್ರಶ್ನೆಯಾಗಿ ಕೇಳಬೇಕು. ತಿಳಿಯಲಿಲ್ಲವೆಂದರೆ ಮತ್ತೆ ಹೇಳಿಕೊಡಬೇಕು. ಸಮಯವಿರಲಿಲ್ಲವೆಂದರೆ ಶಾಲೆಯಲ್ಲಿಯೇ ಸಮಯ ಕೊಡಬೇಕು. ಮನಸ್ಸಿರಲಿಲ್ಲವೆಂದರೆ ಮಾತ್ರ ಬುದ್ಧಿ ಹೇಳಬೇಕು.

ದೀಪ, ಸ್ಥಳ, ವೇಳೆ, ಒಡನಾಡಿ

ಇನ್ನು ನೆರವಿನ ವಿಚಾರ. ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಕಾಲ ಒಂದು ಕೋಣೆ ತೆರೆದಿರಲಿ. ಅದು ವಿಶೇಷ ತರಗತಿಯಲ್ಲ. ಅಲ್ಲಿ ಹೊಸ ಪಾಠವಿಲ್ಲ. ಮಕ್ಕಳು ಕೂತು ತಮ್ಮ ಕೆಲಸ ಮಾಡುತ್ತಾರೆ. ಸರದಿಯ ಮೇಲೆ ಒಬ್ಬ ಉಪಾಧ್ಯಾಯರು ಕೇಳಿದವರಿಗೆ ಹೇಳುತ್ತಾರೆ. ಕಾಯಿದೆಯ 28ನೆಯ ಸೆಕ್ಷನ್ ಶಿಕ್ಷಕರು ಖಾಸಗಿ ಮನೆಪಾಠ ಹೇಳುವುದನ್ನು ನಿಷೇಧಿಸಿದೆ. ಇದು ಎಲ್ಲರಿಗೂ ಉಚಿತವಾಗಿ ತೆರೆದ ಶಾಲೆಯ ಕಾರ್ಯವಾದುದರಿಂದ ಆ ಆಕ್ಷೇಪಕ್ಕೆ ಎಡೆಯಿಲ್ಲ.

ದೂರದ ಹಳ್ಳಿಗಳಿಂದ ಬರುವವರು, ಅದರಲ್ಲಿಯೂ ಹೆಣ್ಣುಮಕ್ಕಳು, ಕತ್ತಲಾಗುವವರೆಗೆ ಉಳಿಯಲಾರರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿನ ಖರ್ಚು ತಪ್ಪಿತು. ಆದರೆ ಊರಿಗೆ ಕೊನೆಯ ಬಸ್ಸು ಬೇಗ ಹೊರಟರೆ ಅದನ್ನೇ ಹಿಡಿಯಬೇಕು. ಅಂಥವರಿಗೆ ಓದುವ ಸ್ಥಳ ಊರಿನಲ್ಲಿಯೇ ದೊರೆಯಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂದು ಹೆಸರಾಗಿವೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳನ್ನು ಅವುಗಳಿಗೆ ಉಚಿತ ಸದಸ್ಯರನ್ನಾಗಿ ಮಾಡಿಕೊಳ್ಳತೊಡಗಿದರು. ಶಾಲೆಯ ಮುಖ್ಯೋಪಾಧ್ಯಾಯರು ಅಲ್ಲಿಯ ಮೇಲ್ವಿಚಾರಕರೊಡನೆ ಮಾತನಾಡಿ, ಸಂಜೆ ಒಂದು ಗಂಟೆ ಮಕ್ಕಳಿಗೆ ಮೀಸಲಾಗಿರುವಂತೆ ಕೇಳಿಕೊಳ್ಳುವುದು ಕಷ್ಟವಲ್ಲ.

ಇದು ನಮ್ಮಿಂದಾಗದ ಕೆಲಸವೆನ್ನುವವರು 2020ನೆಯ ವರ್ಷವನ್ನು ನೆನೆಯಬೇಕು. ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದವು. ಮೊಬೈಲ್ ಮೂಲಕ ಪಾಠವೆಂದಾಗ, ಮನೆಗಿರುವ ಒಂದೇ ಮೊಬೈಲು ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆಂಬುದು ಎಲ್ಲರಿಗೂ ತಿಳಿಯಿತು. ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಬಂದಾಗ ಉಪಾಧ್ಯಾಯರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕೆಲಸ ಕೊಟ್ಟು ಬಂದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತಾದರೂ, ಮಗು ಇರುವಲ್ಲಿಗೆ ಶಾಲೆ ಹೋಗಬಹುದೆಂಬುದು ಸಿದ್ಧವಾಯಿತು.

ಒಂದೇ ಓಣಿಯ ನಾಲ್ಕೈದು ಮಕ್ಕಳ ಗುಂಪುಗಳನ್ನು ಮಾಡುವುದೂ ಹಿತಕರ. ಆದರೆ ಬಲ್ಲವನು ಬರೆದುದನ್ನು ಉಳಿದವರು ನಕಲು ಮಾಡಬಾರದು. ಬಲ್ಲವನು ಬಾಯಲ್ಲಿ ಹೇಳಬಹುದು, ಪುಸ್ತಕ ಕೊಡಕೂಡದೆಂಬುದು ಗುಂಪಿನ ನಿಯಮವಾಗಿರಲಿ. ಹೇಳಿಕೊಟ್ಟವನಿಗೂ ವಿದ್ಯೆ ಗಟ್ಟಿಯಾಗುತ್ತದೆ.

ಓದುಬರಹ ಬಾರದ ತಾಯಿ ಏನು ಮಾಡಬಲ್ಲಳು? ಬಹಳ ಮಾಡಬಲ್ಲಳು. ‘ಓದು ಮಗಾ, ನಾನು ಕೇಳುತ್ತೇನೆ’ ಎಂದು ಒಲೆಯ ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು. ಪುರಾಣ, ವಚನ, ಭಾರತಗಳನ್ನು ಕೇಳಿಯೇ ಬಲ್ಲವರಾದ ಜನ ನಮ್ಮವರು. ಎಡವಿದಲ್ಲಿ ಅವರ ಕಿವಿಗೆ ತಿಳಿಯುತ್ತದೆ. ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಿಸುವುದೇ ಗೃಹಪಾಠವಾದರೆ, ಅದಕ್ಕೆ ದೊಡ್ಡ ಮೇಜೂ ಬೇಡ, ಪಂಡಿತರ ಮನೆಯೂ ಬೇಡ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ

ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ, ಅದು ಬೇಕು. ಸಂಜೆಯ ಓದಿನ ಕೋಣೆಗೆ ಬೇಕಾದುದು ಅದಕ್ಕಿಂತ ಬಹಳ ಸಣ್ಣದು: ವಿದ್ಯುತ್ತು ಹೋದಾಗಲೂ ಉರಿಯುವ ಎರಡು ದೀಪ, ತರಗತಿಗೊಂದರಂತೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು, ಕೊಳ್ಳಲಾರದವರಿಗೆ ಬರೆಯುವ ಪುಸ್ತಕಗಳು, ಮಧ್ಯಾಹ್ನ ಉಂಡ ಮಗು ಸಂಜೆ ಹಸಿದಿರುವುದರಿಂದ ಒಂದೊಂದು ಬೊಗಸೆ ಮಂಡಕ್ಕಿ. ಇದೂ ದಾಸೋಹವೇ. ಹಳೆಯ ವಿದ್ಯಾರ್ಥಿಗಳು ಹಣವನ್ನಲ್ಲದೆ ಹೊತ್ತನ್ನೂ ಕೊಡಬಹುದು. ಊರಿನಲ್ಲಿಯೇ ನೆಲೆಸಿರುವ ಪದವೀಧರನೊಬ್ಬ ವಾರಕ್ಕೊಂದು ಸಂಜೆ ಆ ಕೋಣೆಯಲ್ಲಿ ಕೂತು ಗಣಿತದ ನಾಲ್ಕು ಸಂದೇಹಗಳನ್ನು ಬಿಡಿಸಿದರೆ, ಆ ನಾಲ್ಕು ಮಕ್ಕಳ ಪಾಲಿಗೆ ಅವನೇ ಗುರು.

ಕೊಟ್ಟ ಕೆಲಸವನ್ನು ಮಾಡಲು ಬೇಕಾದುದನ್ನೂ ಕೊಟ್ಟಾಗ ಮಾತ್ರ ಕೇಳುವ ಅಧಿಕಾರ ನಮಗೆ ಬರುತ್ತದೆ. ಈ ಜೂನ್ ತಿಂಗಳಲ್ಲಿ ನಮ್ಮ ಶಾಲೆಗಳಲ್ಲಿ ಒಂದೊಂದು ಕೋಣೆಯಾದರೂ ಸಂಜೆ ಒಂದು ಗಂಟೆ ಹೆಚ್ಚು ಕಾಲ ತೆರೆದಿರಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.